ಅಮ್ಮನ ಡಯಾಲಿಸಿಸ್, ಮಾರ್ಕಸ್ ಆರೇಲಿಯಸ್‌ನ ಮೊದಲ ಪುಸ್ತಕ: ಕಷ್ಟದ ನಡುವೆ ಯಾರಿಗೆ, ಯಾತಕ್ಕೆ ಕೃತಜ್ಞರಾಗಿರಬೇಕು?

ಮೈಸೂರಿನ ಮಗಳು

ವಾರಕ್ಕೆ ಮೂರು ದಿನ, ಬೆಳಗಿನ ಆರೂವರೆಗೆ, ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ತೂಕ ನೋಡಿ, ಕೈಯ ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದೇ ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಎರಡು ಸೂಜಿ ಹಾಕಿ, ಯಂತ್ರಕ್ಕೆ ಜೋಡಿಸಿದ ಮೇಲೆ ನಾಲ್ಕು ಗಂಟೆ ನನಗೆ ಹೊರಗಿನ ಬೆಂಚೇ ಗತಿ. ಹದಿನಾಲ್ಕು ತಿಂಗಳಿಂದ ನಮ್ಮ ಮನೆಯ ಹಬ್ಬ ಹರಿದಿನಗಳೆಲ್ಲ ಈ ಮೂರು ದಿನಗಳನ್ನು ನೋಡಿಕೊಂಡೇ ನಡೆಯುತ್ತಿವೆ. ಅಮ್ಮನಿಗೆ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಅಳತೆ ಹೇಳಿದ್ದಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಚೊಂಬು ಇದೆ. ಬೆಳಿಗ್ಗೆ ಅದರಲ್ಲಿ ಆ ದಿನದ ನೀರನ್ನು ತುಂಬಿಡುತ್ತೇನೆ. ಮಾತ್ರೆಗೆ, ಕಾಫಿಗೆ, ಬಾಯಾರಿಕೆಗೆ ಎಲ್ಲಕ್ಕೂ ಅದೇ. ಸಂಜೆ ಐದರ ಹೊತ್ತಿಗೆ ಅಮ್ಮ ಆ ಚೊಂಬನ್ನು ಓರೆ ಮಾಡಿ ಒಳಗೆ ನೋಡುತ್ತಾರೆ. ಆ ನೋಟವನ್ನು ನಾನು ಯಾರಿಗೂ ವಿವರಿಸಲಾರೆ.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ನಿಮಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಮಾಡಿಕೊಳ್ಳಿ." ಅವರ ಮನಸ್ಸು ಒಳ್ಳೆಯದೇ. ಆದರೆ ಅಮ್ಮನ ಪಕ್ಕದ ಹಾಸಿಗೆಯಲ್ಲಿ ಮೀಸೆ ಕೂಡ ಸರಿಯಾಗಿ ಮೂಡದ ಹುಡುಗನೊಬ್ಬ ಮಲಗುತ್ತಾನೆ. ಅವನನ್ನು ನೋಡಿ ನಾನು ಸಮಾಧಾನ ಮಾಡಿಕೊಳ್ಳಬೇಕೆ? ಅವನ ತಾಯಿ ಅದೇ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿರುತ್ತಾರೆ. ಅವರು ಯಾರನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಕು?

ಈ ಸಿಟ್ಟಿನಲ್ಲಿದ್ದಾಗ ಮಾರ್ಕಸ್ ಆರೇಲಿಯಸ್ ಕೈಗೆ ಸಿಕ್ಕಿದ. ಕ್ರಿ.ಶ. 161ರಿಂದ 180ರವರೆಗೆ ರೋಮನ್ ಸಾಮ್ರಾಜ್ಯವನ್ನು ಆಳಿದವನು, ನಮ್ಮ ಕೈಯಲ್ಲಿಲ್ಲದ್ದಕ್ಕೆ ಕೊರಗದೆ ಒಳ್ಳೆಯ ನಡತೆಯನ್ನೇ ಹಿಡಿಯಬೇಕೆನ್ನುವ ಸ್ಟೋಯಿಕ್ ಪಂಥದ ದಾರಿ ಹಿಡಿದವನು. ತನಗಾಗಿ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟುಕೊಂಡ ಅವನ ಟಿಪ್ಪಣಿಗಳು ಹನ್ನೆರಡು ಪುಸ್ತಕಗಳಾಗಿ ಉಳಿದಿವೆ. ಮೊದಲ ಪುಸ್ತಕದಲ್ಲಿ ಹದಿನೇಳು ಭಾಗಗಳು. ಕೊನೆಯದನ್ನು ಬಿಟ್ಟರೆ ಪ್ರತಿ ಭಾಗಕ್ಕೂ ಸಾಮಾನ್ಯವಾಗಿ ಒಬ್ಬರು. ಅವರಿಂದ ತನಗೆ ಏನು ಬಂತು ಎಂಬುದು ಮಾತ್ರ ಅಲ್ಲಿದೆ. ತಾತ ವೇರಸ್‌ನಿಂದ ಒಳ್ಳೆಯ ನಡತೆ, ಸಿಟ್ಟಿಗೇಳದ ಸ್ವಭಾವ. ತಾಯಿಯಿಂದ ದೈವಭಕ್ತಿ, ಕೊಡುವ ಕೈ, ಸಿರಿವಂತರ ರೀತಿಗೆ ದೂರವಾದ ಸರಳ ಬದುಕು. ವ್ಯಾಕರಣ ಬಲ್ಲ ಅಲೆಕ್ಸಾಂಡರ್‌ನಿಂದ, ಯಾರಾದರೂ ತಪ್ಪಾಗಿ ಮಾತನಾಡಿದರೆ ಹೀಯಾಳಿಸದೆ, ಸರಿಯಾದ ಮಾತನ್ನು ತಾನೇ ಆಡಿ ತೋರಿಸುವುದು. ಪ್ಲೇಟೋ ಪಂಥದ ಇನ್ನೊಬ್ಬ ಅಲೆಕ್ಸಾಂಡರ್‌ನಿಂದ, "ನನಗೆ ಬಿಡುವಿಲ್ಲ" ಎಂದು ಪದೇ ಪದೇ ಹೇಳದಿರುವುದು.

ಈ ಕೊನೆಯದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಈ ಹದಿನಾಲ್ಕು ತಿಂಗಳಲ್ಲಿ ಆ ಮಾತನ್ನು ನಾನು ಕೇಳಿದಷ್ಟು ಬೇರೆ ಯಾವ ಮಾತನ್ನೂ ಕೇಳಿಲ್ಲ.

ಅವನು ಸುಖವಾಗಿದ್ದಾಗ ಇದನ್ನೆಲ್ಲ ಬರೆದನೆಂದುಕೊಳ್ಳಬೇಡಿ. ಪೂರ್ವದ ಪಾರ್ಥಿಯಾದ (ಇಂದಿನ ಇರಾನ್ ಕಡೆಯ ರಾಜ್ಯ) ಯುದ್ಧದಿಂದ ಮರಳಿದ ಸೈನಿಕರು 165-166ರ ಹೊತ್ತಿಗೆ ಸಾಂಕ್ರಾಮಿಕ ರೋಗವನ್ನು ಹೊತ್ತು ತಂದಿದ್ದರು. ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಯುದ್ಧ ಮುಗಿಯುತ್ತಲೇ ಇರಲಿಲ್ಲ. ಹುಟ್ಟಿದ ಹದಿಮೂರು ಹದಿನಾಲ್ಕು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಆತ ಕಳೆದುಕೊಂಡ. ಅಂಥವನು ಬರೆದ ಪಟ್ಟಿಯಲ್ಲಿ, ತನಗಿಂತ ಕಷ್ಟದಲ್ಲಿರುವವರನ್ನು ನೋಡಿ ನೆಮ್ಮದಿಪಟ್ಟ ಒಂದು ಸಾಲೂ ಇಲ್ಲ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಈಗೀಗ ಅಮ್ಮನ ತೂಕ, ಎಲ್ಲ ಬರೆದಿರುತ್ತದೆ. ಮುಗಿದ ತಿಂಗಳ ಹಾಳೆಯನ್ನು ಹರಿದು ಬ್ಯಾಗಿನಲ್ಲಿಟ್ಟುಕೊಂಡು, ಅದರ ಹಿಂಬದಿಯಲ್ಲಿ ನಾನೂ ಬರೆಯತೊಡಗಿದೆ. "ಆಟೋದವರಿಂದ: ಗುಂಡಿ ಬರುವ ಮೊದಲೇ, ಅಮ್ಮಾ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಹೇಳುವುದು." "ಡಯಾಲಿಸಿಸ್ ಮಾಡುವ ಹುಡುಗಿಯಿಂದ: ಸೂಜಿ ಕೈಗೆತ್ತಿಕೊಳ್ಳುವ ಮೊದಲು ಅಮ್ಮನ ಮುಖ ನೋಡಿ ಮಾತನಾಡಿಸುವುದು."

ಇದು ನನಗೆ ಆಸರೆಯಾಗಿದೆ. ಆದರೂ ಎರಡು ಅನುಮಾನಗಳು. ಇದು ನನ್ನನ್ನು ನಾನೇ ಪುಸಲಾಯಿಸಿಕೊಳ್ಳುವ ಉಪಾಯವೇ? ಬರೆಯಲು ಏನೂ ತೋಚದ ದಿನ ಏನು ಮಾಡಬೇಕು? ಸ್ಟೋಯಿಕರನ್ನು ಓದಿದವರು, ಓದದೆಯೂ ಇಂಥ ದಿನಗಳನ್ನು ಕಂಡವರು ದಯವಿಟ್ಟು ಬರೆಯಿರಿ.

ರಾತ್ರಿ ಪಾಳಿ, ಮಂಗಳೂರು

ಅಕ್ಕ, ನಾನು ಇಪ್ಪತ್ತೆರಡು ವರ್ಷಗಳಿಂದ ನರ್ಸ್. ನಿಮ್ಮ ಹಾಳೆಯಲ್ಲಿ ಆ ಹುಡುಗಿಯ ಸಾಲನ್ನು ಓದಿ ಕಣ್ಣು ತುಂಬಿತು.

ರೋಮಿನ ಇನ್ನೊಬ್ಬ ಸ್ಟೋಯಿಕ್ ಚಿಂತಕ ಸೆನೆಕಾ ಉಪಕಾರಗಳ ಕುರಿತೇ ಏಳು ಭಾಗಗಳ ಒಂದು ಗ್ರಂಥ ಬರೆದಿದ್ದಾನೆ. ಅದರ ಆರನೆಯ ಭಾಗದಲ್ಲಿ ವೈದ್ಯರ ಮಾತು ಬರುತ್ತದೆ. ಹಣ ಕೊಟ್ಟ ಮೇಲೆಯೂ ವೈದ್ಯನಿಗೆ, ಮೇಷ್ಟರಿಗೆ ನಾವು ಏಕೆ ಋಣಿಗಳು ಎಂದು ಕೇಳಿಕೊಳ್ಳುತ್ತಾನೆ. ನಾಡಿ ಹಿಡಿದು, ಸುತ್ತಿನಲ್ಲಿ ಬರುವ ಹತ್ತು ಜನರಲ್ಲಿ ನನ್ನನ್ನೂ ಒಬ್ಬನಾಗಿ ನೋಡಿ ಹೋದ ವೈದ್ಯನಿಗೆ ಹಣವಷ್ಟೇ ಸಾಕು. ಆದರೆ ನನಗಾಗಿ ಕಳವಳಪಟ್ಟವನಿಗೆ, ಹಾಸಿಗೆಯ ಬಳಿ ಕುಳಿತವನಿಗೆ ಹಣ ಕೊಟ್ಟರೆ ಮುಗಿಯುವುದಿಲ್ಲ. ಶ್ರಮದ ಬೆಲೆ ಸಂದಿತು, ಮನಸ್ಸಿನ ಬೆಲೆ ಬಾಕಿ ಉಳಿಯಿತು ಎನ್ನುತ್ತಾನೆ. ಮೂರನೆಯ ಭಾಗದಲ್ಲಿ ಇನ್ನೊಂದು ಪ್ರಶ್ನೆ ಎತ್ತುತ್ತಾನೆ: ಗುಲಾಮ ಒಡೆಯನಿಗೆ ಉಪಕಾರ ಮಾಡಲು ಸಾಧ್ಯವೇ? ಅವನದೇನಿದ್ದರೂ ಸೇವೆ, ಅದು ಅವನ ಕರ್ತವ್ಯ ಎನ್ನುತ್ತಿದ್ದ ಕಾಲ ಅದು. ಸಾಧ್ಯ ಎಂದು ಸೆನೆಕಾ ವಾದಿಸುತ್ತಾನೆ.

ಮನೆಗೆ ಕಳುಹಿಸುವ ದಿನ ಎಷ್ಟೋ ಮಂದಿ ಸಿಹಿ ಹಂಚಿ "ಎಲ್ಲರಿಗೂ ಧನ್ಯವಾದ" ಎಂದು ಹೋಗುತ್ತಾರೆ. ಸಂತೋಷವೇ. ಆದರೆ ನನಗೆ ಇಂದಿಗೂ ನೆನಪಿರುವುದು ಒಬ್ಬ ಅಜ್ಜ. ಅವರು ಹೇಳಿದ್ದು ಇಷ್ಟು: "ನಡುರಾತ್ರಿ ದೀಪ ಹಾಕುವ ಮೊದಲು ನೀನು ನನ್ನ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದೆ." ನಾನು ಹಾಗೆ ಮಾಡುತ್ತಿದ್ದೆ ಎಂಬುದು ನನಗೇ ತಿಳಿದಿರಲಿಲ್ಲ. ಆ ದಿನದಿಂದ ತಿಳಿದೇ ಮಾಡುತ್ತೇನೆ. ನಿಮ್ಮ ಪಟ್ಟಿ ಪುಸಲಾವಣೆಯಲ್ಲ ಎನ್ನಲು ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಗುವುದಾದರೆ ಆ ಹುಡುಗಿಗೆ ಅದನ್ನು ಓದಿ ಹೇಳಿ.

ಕೆಲಸ ಹುಡುಕುತ್ತಿರುವವನು, ಬೆಂಗಳೂರು

ಕ್ಷಮಿಸಿ, ನನ್ನದು ಬೇರೆ ಅನುಭವ. ಒಂಬತ್ತು ವರ್ಷ ದುಡಿದ ಕಡೆ ಹದಿನೈದು ನಿಮಿಷದ ಒಂದು ವಿಡಿಯೋ ಕರೆಯಲ್ಲಿ ನನ್ನನ್ನೂ ನನ್ನ ತಂಡವನ್ನೂ ತೆಗೆದುಹಾಕಿದರು. ಕರೆಯ ಕೊನೆಯಲ್ಲಿ ಮೇಲಿನವರೊಬ್ಬರು "ಇಷ್ಟು ದಿನ ಸಿಕ್ಕ ಅವಕಾಶಕ್ಕೆ ಎಲ್ಲರೂ ಕೃತಜ್ಞರಾಗಿರೋಣ" ಎಂದರು. ಅಂದಿನಿಂದ ಆ ಪದ ಕೇಳಿದರೆ ಬಾಯಿ ಕಹಿಯಾಗುತ್ತದೆ. ಮನೆಯ ಸಾಲದ ಕಂತು ಹೋಗುವ ತಾರೀಕು ಬಂದಾಗ ನನಗೆ ಯಾವ ಸಾಮ್ರಾಟನ ಟಿಪ್ಪಣಿಯೂ ನೆನಪಾಗುವುದಿಲ್ಲ.

ನನ್ನ ಪ್ರಶ್ನೆ ನೇರವಾದದ್ದು. ಮಾರ್ಕಸ್ ಚಕ್ರವರ್ತಿ, ಸೆನೆಕಾ ಆಗರ್ಭ ಶ್ರೀಮಂತ, ಚಕ್ರವರ್ತಿ ನೀರೋನ ಗುರು. ಈ ಪಂಥದ ಹೆಸರಾಂತ ಮೂವರಲ್ಲಿ ಎಪಿಕ್ಟೆಟಸ್ ಒಬ್ಬನೇ ಗುಲಾಮನಾಗಿದ್ದವನು. ಗುಲಾಮನಿಗೆ "ಇರುವುದಕ್ಕೆ ಕೃತಜ್ಞನಾಗಿರು" ಎಂದು ಕಲಿಸಿದರೆ ಲಾಭ ಯಾರಿಗೆ? ಒಡೆಯನಿಗೇ ಅಲ್ಲವೇ?

ನಿವೃತ್ತ ಅಧ್ಯಾಪಕ, ಧಾರವಾಡ

ನಿಮ್ಮ ಪ್ರಶ್ನೆಗೆ ಕ್ಷಮೆ ಕೇಳುವ ಅಗತ್ಯವಿಲ್ಲ. ಅದನ್ನು ಕೇಳದೆ ಸ್ಟೋಯಿಕರನ್ನು ಓದಬಾರದು ಎಂದೇ ನಾನು ನಂಬಿದವನು.

ಎಪಿಕ್ಟೆಟಸ್‌ನಿಂದ ಆರಂಭಿಸುತ್ತೇನೆ. ಇಂದಿನ ಟರ್ಕಿಯ ಪಮುಕ್ಕಲೆಯ ಬಳಿಯಿದ್ದ ಹೈರಾಪೊಲಿಸ್‌ನಲ್ಲಿ ಹುಟ್ಟಿದವನು, ಕಾಲು ಕುಂಟು. ಅವನ ಒಡೆಯ ಎಪಫ್ರೊಡಿಟಸ್ ನೀರೋನ ಆಸ್ಥಾನದ ದೊಡ್ಡ ಅಧಿಕಾರಿ. ಬಿಡುಗಡೆಯಾಗಿ ಪಾಠ ಹೇಳತೊಡಗಿದ ಎಪಿಕ್ಟೆಟಸ್, ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞರನ್ನು ಓಡಿಸಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ನಡೆಸಿದ. ಅವನು ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದುಕೊಂಡದ್ದು ಉಳಿದಿದೆ. ಆ ಪಾಠಗಳಲ್ಲಿ ಹಳೆಯ ಒಡೆಯನ ಹೆಸರು ಬರುತ್ತದೆ. ಹೇಗೆ ಬರುತ್ತದೆ, ನೋಡಿ. ಫೆಲಿಸಿಯೊ ಎಂಬ ಚಮ್ಮಾರ ಗುಲಾಮನನ್ನು ಕೆಲಸಕ್ಕೆ ಬಾರದವನೆಂದು ಎಪಫ್ರೊಡಿಟಸ್ ಮಾರಿಬಿಟ್ಟ. ಅವನನ್ನು ಕೊಂಡವರು ಅರಮನೆಯವರು. ಫೆಲಿಸಿಯೊ ಸೀಸರನ, ಅಂದರೆ ಚಕ್ರವರ್ತಿಯ, ಚಮ್ಮಾರನಾದ. ಆಮೇಲೆ ಇದೇ ಒಡೆಯ ಅವನ ಮುಂದೆ ಹಲ್ಲುಗಿಂಜಿ ಕುಶಲ ಕೇಳುತ್ತ ನಿಂತ. ಅಧಿಕಾರಕ್ಕೆ ಬಾಗುವವರು ಎಷ್ಟು ಚಿಕ್ಕವರಾಗುತ್ತಾರೆ ಎಂಬುದಕ್ಕೆ ತನ್ನ ಒಡೆಯನನ್ನೇ ಉದಾಹರಣೆಯಾಗಿ ಶಿಷ್ಯರ ಮುಂದೆ ನಿಲ್ಲಿಸುತ್ತಾನೆ. ಇದು ಒಡೆಯನಿಗೆ ಕೈಮುಗಿದ ಕೃತಜ್ಞತೆಯೇ?

ಅದೇ ಎಪಿಕ್ಟೆಟಸ್ ಇನ್ನೊಂದೆಡೆ, ಕುಂಟನಾದ ಮುದುಕ ನಾನು, ದೇವರನ್ನು ಹಾಡಿ ಹೊಗಳುವುದನ್ನು ಬಿಟ್ಟು ಬೇರೇನು ಮಾಡಲಿ, ಹಂಸವಾಗಿದ್ದರೆ ಹಂಸದ ಕೆಲಸ ಮಾಡುತ್ತಿದ್ದೆ ಎಂದು ಹಾಡಿದಂತೆ ನುಡಿಯುತ್ತಾನೆ. ಅಗೆಯುವಾಗ, ಉಳುವಾಗ, ಉಣ್ಣುವಾಗ ಹಾಡಬೇಕಾದ ಹಾಡು ಅದು. ಅವನ ಕೃತಜ್ಞತೆ ಒಡೆಯನ ತಲೆಯ ಮೇಲಿಂದ ಹಾದುಹೋಗುತ್ತದೆ. ಒಡೆಯ ಕಿತ್ತುಕೊಳ್ಳಲಾಗದ್ದು ಯಾವುದಿದೆಯೋ ಅದಕ್ಕೆ ಮಾತ್ರ ಸಲ್ಲುತ್ತದೆ.

ಇನ್ನು ಮಾರ್ಕಸ್. ಕ್ರಿ.ಶ. 138ರಲ್ಲಿ ಚಕ್ರವರ್ತಿ ಹೇಡ್ರಿಯನ್ ಆಂಟೊನೈನಸ್‌ನನ್ನು ದತ್ತು ಪಡೆದು, ನೀನು ಈ ಹುಡುಗ ಮಾರ್ಕಸ್‌ನನ್ನು ದತ್ತು ತೆಗೆದುಕೊಳ್ಳಬೇಕು ಎಂದು ಷರತ್ತು ಹಾಕಿದ. ಅಂದರೆ ಮಾರ್ಕಸ್‌ಗೆ ಸಿಂಹಾಸನ ಬಂದದ್ದು ಹೇಡ್ರಿಯನ್‌ನಿಂದ. ಈಗ ಮೊದಲ ಪುಸ್ತಕವನ್ನು ಹುಡುಕಿ ನೋಡಿ. ಪುಸ್ತಕ ಎರವಲು ಕೊಟ್ಟ ರಸ್ಟಿಕಸ್ ಇದ್ದಾನೆ, ಕಾಯಿಲೆಯಲ್ಲೂ ಗೆಲುವಾಗಿದ್ದ ಮ್ಯಾಕ್ಸಿಮಸ್ ಇದ್ದಾನೆ. ಹೇಡ್ರಿಯನ್‌ಗೆ ಒಂದು ಭಾಗವೂ ಇಲ್ಲ. ಪ್ರಸಿದ್ಧ ವಾಗ್ಮಿ ಹಿರೋಡಿಸ್ ಆಟಿಕಸ್ ಅವನಿಗೆ ಪಾಠ ಹೇಳಿದವನು, ಅವನಿಗೂ ಇಲ್ಲ. ಏಕೆಂದು ಮಾರ್ಕಸ್ ವಿವರಣೆ ಕೊಡುವುದಿಲ್ಲ, ಯಾರನ್ನೂ ಬಯ್ಯುವುದೂ ಇಲ್ಲ. ಅವನು ಬರೆದದ್ದು ಯಾರ ಒತ್ತಾಯಕ್ಕೂ ಅಲ್ಲ, ಆದ್ದರಿಂದ ಬಿಡುವ ಹಕ್ಕೂ ಅವನಿಗಿತ್ತು. ನಿಮ್ಮ ಆ ವಿಡಿಯೋ ಕರೆಯಲ್ಲಿ ನಿಮ್ಮಿಂದ ಕಿತ್ತುಕೊಂಡದ್ದು ಈ ಹಕ್ಕನ್ನೇ.

ಭಾಷೆಯ ಮಾತೊಂದನ್ನು ಸೇರಿಸುತ್ತೇನೆ, ಮೇಷ್ಟರ ಅಭ್ಯಾಸ ಬಿಡುವುದಿಲ್ಲ. ಮೊದಲ ಪುಸ್ತಕದ ಭಾಗಗಳಲ್ಲಿ "ಧನ್ಯವಾದ ಹೇಳುತ್ತೇನೆ" ಎಂಬ ಕ್ರಿಯಾಪದವೇ ಇಲ್ಲ. ಗ್ರೀಕಿನಲ್ಲಿ ಪ್ರತಿ ಭಾಗವೂ "ಪರಾ" ಎಂದು ಶುರುವಾಗುತ್ತದೆ. ನಮ್ಮ "ಇಂದ" ಪ್ರತ್ಯಯದ ಕೆಲಸವನ್ನು ಅದು ಮಾಡುತ್ತದೆ. ತಾತನಿಂದ ಇದು. ತಾಯಿಯಿಂದ ಇದು. ಅಷ್ಟೇ. ನಮ್ಮ "ಕೃತಜ್ಞ" ಎಂಬ ಪದವನ್ನೂ ಬಿಡಿಸಿ ನೋಡಿ. ಕೃತ, ಎಂದರೆ ಮಾಡಿದ್ದು. ಜ್ಞ, ಎಂದರೆ ಅರಿತವನು. ಮಾಡಿದ್ದನ್ನು ಅರಿತವನು ಕೃತಜ್ಞ. ಮುಖ ಅರಳಿರಬೇಕು, ಮನಸ್ಸು ಹಗುರಾಗಿರಬೇಕು ಎಂದು ಆ ಪದ ಎಲ್ಲೂ ಹೇಳುವುದಿಲ್ಲ. ಎಪಿಕ್ಟೆಟಸ್ ಕೂಡ ಎರಡನ್ನು ಜೋಡಿಯಾಗಿ ಕೇಳುತ್ತಾನೆ: ಆದದ್ದನ್ನು ಸರಿಯಾಗಿ ನೋಡಬಲ್ಲ ಕಣ್ಣು ಮತ್ತು ಕೃತಜ್ಞತೆ. ಒಂದಿಲ್ಲದೆ ಇನ್ನೊಂದು ನಿಲ್ಲದು. ಮೈಸೂರಿನ ತಂಗಿಗೆ ಇದೇ ನನ್ನ ಉತ್ತರ. ನೀವು ಬರೆದುಕೊಳ್ಳುತ್ತಿರುವುದು ನಡೆದದ್ದನ್ನು. ಗುಂಡಿ ಇತ್ತು, ಆಟೋದವರು ಎಚ್ಚರಿಸಿದರು. ಇದರಲ್ಲಿ ಪುಸಲಾವಣೆ ಎಲ್ಲಿಂದ ಬಂತು?

ಮೈಸೂರಿನ ಮಗಳು

ಸರ್, ಹೇಡ್ರಿಯನ್ ಇಲ್ಲದಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಇಷ್ಟು ದಿನ ಒಂದು ಹೆಸರನ್ನು ಪಟ್ಟಿಯಲ್ಲಿ ಬರೆಯಲೇಬೇಕೆಂದು ಒದ್ದಾಡುತ್ತಿದ್ದೆ. ಈಗ ಆ ಒದ್ದಾಟ ಅರ್ಧ ಇಳಿಯಿತು.

ಒಬ್ಬ ತಂದೆ

ನನಗೆ ಓದು ಕಡಿಮೆ. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ನನ್ನ ಮಗ ಆರು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಹೋದ. ಇಪ್ಪತ್ತು ವರ್ಷ. ಆ ನಂತರ ಯಾರೋ ನನಗೆ ಎಪಿಕ್ಟೆಟಸ್‌ನ ಮಾತುಗಳ ಕೈಪಿಡಿ ಕೊಟ್ಟರು. ಹನ್ನೊಂದನೆಯ ಅಧ್ಯಾಯದಲ್ಲಿ, ಯಾವುದರ ಬಗ್ಗೆಯೂ "ಕಳೆದುಕೊಂಡೆ" ಎನ್ನಬೇಡ, "ಹಿಂದಿರುಗಿಸಿದೆ" ಎನ್ನು ಎಂದಿದೆ. ಮಗು ಸತ್ತಿತೇ? ಹಿಂದಿರುಗಿಸಿದ್ದಾಯಿತು. ನಾನು ಪುಸ್ತಕವನ್ನು ಅಟ್ಟದ ಮೇಲೆ ಎಸೆದೆ. ಹನ್ನೊಂದನೆಯ ದಿನ ಮನೆಗೆ ಬಂದ ನೆಂಟರು ಕೂಡ "ಅವನ ಋಣ ಅಷ್ಟೇ ಇತ್ತು" ಎಂದರು. ಎರಡು ಮಾತೂ ನನ್ನ ಕಿವಿಗೆ ಒಂದೇ ಥರ ಕೇಳಿಸಿದವು. ಎರಡೂ ನನ್ನ ಬಾಯಿ ಮುಚ್ಚಿಸಲು ಬಂದ ಮಾತುಗಳು.

ಇಲ್ಲಿ ಎಲ್ಲರೂ ಬಲ್ಲವರಿದ್ದೀರಿ. ಎಳೆಯ ಪ್ರಾಣವೊಂದು ಹೋದ ಮನೆಯಲ್ಲಿ ಕೃತಜ್ಞತೆಯ ಮಾತು ಎತ್ತಬಹುದೇ?

ನಿವೃತ್ತ ಅಧ್ಯಾಪಕ, ಧಾರವಾಡ

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ನಾವು ಎತ್ತಬಾರದು. ಇದು ನನ್ನ ಮಾತು ಮಾತ್ರವಲ್ಲ. ಆ ಕೈಪಿಡಿಯ ಹನ್ನೊಂದನೆಯ ಅಧ್ಯಾಯ ಒಬ್ಬನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ದುಃಖದಲ್ಲಿರುವ ಇನ್ನೊಬ್ಬನ ಎದುರು ಹೇಗಿರಬೇಕೆಂಬುದು ಹದಿನಾರನೆಯ ಅಧ್ಯಾಯದಲ್ಲಿದೆ: ಮಾತಿನಿಂದ ಅವನ ಜೊತೆಗಿರು, ಬೇಕಾದರೆ ಅವನೊಂದಿಗೆ ನರಳು. ಒಳಗಿನಿಂದ ಮಾತ್ರ ನರಳಬೇಡ ಎಂದು ಒಂದು ಷರತ್ತನ್ನೂ ಸೇರಿಸುತ್ತಾನೆ. ಆ ಷರತ್ತನ್ನು ನಾನು ಒಪ್ಪುವುದಿಲ್ಲ. ನಲವತ್ತು ವರ್ಷಗಳಿಂದ ಓದುತ್ತಿದ್ದೇನೆ, ಒಪ್ಪಲು ಆಗಿಲ್ಲ.

ಸೆನೆಕಾ ನಿಮಗೆ ಹತ್ತಿರದವನಾಗಬಹುದು. ಕ್ರಿ.ಶ. 41ರಲ್ಲಿ ಅವನನ್ನು ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದರು. ಎಂಟು ವರ್ಷ ಅಲ್ಲಿದ್ದ. ಅದಕ್ಕೆ ಇಪ್ಪತ್ತು ದಿನ ಮೊದಲು ಅವನ ಮಗು ಅಜ್ಜಿಯ ತೋಳಿನಲ್ಲಿ ಪ್ರಾಣ ಬಿಟ್ಟಿತ್ತು. ಆ ಅಜ್ಜಿ, ಅಂದರೆ ತನ್ನ ತಾಯಿ ಹೆಲ್ವಿಯಾಳಿಗೆ ಗಡೀಪಾರಿನಿಂದ ಬರೆದ ಸಾಂತ್ವನದಲ್ಲಿ ಅವನೇ ಇದನ್ನು ನೆನೆಯುತ್ತಾನೆ. ಮುದುಕನಾದ ಮೇಲೆ ಗೆಳೆಯ ಲುಸಿಲಿಯಸ್‌ಗೆ ಬರೆದ 63ನೆಯ ಪತ್ರದಲ್ಲಿ ಮಿತ್ರಶೋಕದ ಬಗ್ಗೆ ಬುದ್ಧಿ ಹೇಳುತ್ತ ಹೇಳುತ್ತ, ಇದನ್ನು ಬರೆಯುತ್ತಿರುವ ನಾನೇ ಗೆಳೆಯ ಸೆರೆನಸ್ ಸತ್ತಾಗ ಅಳತೆ ಮೀರಿ ಅತ್ತವನು ಎಂದು ಒಪ್ಪಿಕೊಳ್ಳುತ್ತಾನೆ. ದುಃಖಕ್ಕೆ ಸೋತವರ ಸಾಲಿಗೆ ತನ್ನನ್ನೂ ಸೇರಿಸಿಕೊಳ್ಳುತ್ತಾನೆ.

ಅವನದೇ ಇನ್ನೊಂದು ವಾಕ್ಯವಿದೆ, ಪಾಲಿಬಿಯಸ್ ಎಂಬವನ ತಮ್ಮ ಸತ್ತಾಗ ಬರೆದದ್ದು. ಪಡೆದದ್ದನ್ನು ಲಾಭದ ಕಡೆಗೆ ಬರೆಯದೆ, ಮರಳಿಸಿದ್ದನ್ನು ಮಾತ್ರ ನಷ್ಟದ ಕಡೆಗೆ ಬರೆಯುವವನು ದುರಾಸೆಯವನು ಎಂಬ ಅರ್ಥದ್ದು. ಮಾತು ದೊಡ್ಡದು. ಆದರೆ ಈ ಪಾಲಿಬಿಯಸ್ ಚಕ್ರವರ್ತಿ ಕ್ಲಾಡಿಯಸ್‌ನ ಬಲಗೈ, ಗಡೀಪಾರಿನಿಂದ ಬಿಡಿಸಬಲ್ಲವನು; ಆ ಇಡೀ ಸಾಂತ್ವನದ ತುಂಬ ಕ್ಲಾಡಿಯಸ್‌ನ ಹೊಗಳಿಕೆ ಇದೆ. ಆದ್ದರಿಂದ ಆ ವಾಕ್ಯವನ್ನು ನಿಮ್ಮ ಮುಂದಿಡಲು ನನಗೆ ಧೈರ್ಯ ಸಾಲದು. ಅದರ ಮೊದಲರ್ಧವನ್ನು ಮಾತ್ರ ಇಡುತ್ತೇನೆ. ಪಡೆದದ್ದು ಎಂಬುದೊಂದು ಇದೆ. ಆ ಇಪ್ಪತ್ತು ವರ್ಷಗಳು ನಡೆದಿವೆ. ನೀವು ಮುಂದೆ ಬರೆಯಬೇಕೆನಿಸಿದರೆ ಬರೆಯಿರಿ. ಅನಿಸದಿದ್ದರೆ ಅದೂ ಸರಿ.

ಕಿರಾಣಿ ಅಂಗಡಿಯವನು, ಗದಗ

ಕ್ಯಾಲೆಂಡರಿನ ಮಾತು ಬಂದದ್ದರಿಂದ ನಾನೂ ಬರೆಯುತ್ತೇನೆ.

ರೋಮಿನಲ್ಲಿ ಪ್ರತಿ ತಿಂಗಳ ಮೊದಲ ದಿನಕ್ಕೆ ಕ್ಯಾಲೆಂಡ್ಸ್ ಎನ್ನುತ್ತಿದ್ದರು. ಸಾಲದ ಬಡ್ಡಿ ಕಟ್ಟಬೇಕಾದ ದಿನ ಅದು. ಆದ್ದರಿಂದ ಸಾಲ ಕೊಟ್ಟವರ ಲೆಕ್ಕದ ಪುಸ್ತಕಕ್ಕೆ ಕ್ಯಾಲೆಂಡೇರಿಯಂ ಎಂಬ ಹೆಸರು ಬಂತು. ನಮ್ಮ ಗೋಡೆಯ ಕ್ಯಾಲೆಂಡರಿಗೆ ಹೆಸರು ಬಂದದ್ದು ಅಲ್ಲಿಂದಲೇ. ನರ್ಸ್ ಅಕ್ಕ ಹೇಳಿದ ಆ ಗ್ರಂಥದ ಮೊದಲ ಭಾಗದಲ್ಲೇ ಸೆನೆಕಾ ಹೇಳುತ್ತಾನೆ: ಮಾಡಿದ ಉಪಕಾರವನ್ನು ಯಾರೂ ಕ್ಯಾಲೆಂಡೇರಿಯಂನಲ್ಲಿ ಬರೆದಿಡುವುದಿಲ್ಲ, ಹೊತ್ತು ದಿನ ನೋಡಿ ವಸೂಲಿಗೆ ಹೋಗುವುದಿಲ್ಲ. ಎರಡನೆಯ ಭಾಗದಲ್ಲಿ ಅದರ ನಿಯಮವನ್ನೂ ಕೊಡುತ್ತಾನೆ: ಕೊಟ್ಟವನು ಕೊಟ್ಟದ್ದನ್ನು ಕೂಡಲೇ ಮರೆಯಬೇಕು, ಪಡೆದವನು ಎಂದೂ ಮರೆಯಬಾರದು.

ಓದಿದಾಗ ನಮ್ಮ ಅಪ್ಪನೇ ಎದುರಿಗೆ ಬಂದು ನಿಂತಂತಾಯಿತು. ನಮ್ಮದು ಮೂವತ್ತು ವರ್ಷದ ಕಿರಾಣಿ ಅಂಗಡಿ. ಉದ್ರಿ ಪುಸ್ತಕದಲ್ಲಿ ಒಂದು ಪೈಸೆ ತಪ್ಪಿದರೂ ಅಪ್ಪ ಬಿಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಯಾರಾದರೂ ಬಂದರೆ ಬೆಲ್ಲ, ಕೊಬ್ಬರಿ, ಅಂಟು ತೂಗಿ ಕಟ್ಟಿಕೊಟ್ಟು, ಪೆನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಚಿಕ್ಕವನಾದ ನಾನು "ಬರೆಯಲಿಲ್ಲವಲ್ಲ ಅಪ್ಪಾ" ಎಂದರೆ, "ಅದು ಆ ಪುಸ್ತಕದ್ದಲ್ಲ" ಎನ್ನುತ್ತಿದ್ದರು. ಬರಗಾಲದಲ್ಲೂ ಇದೇ. ಅವರು ತೀರಿಕೊಂಡ ವರ್ಷ ಸಗಟು ವ್ಯಾಪಾರಿಗಳ ಸಾಲವೆಲ್ಲ ನನ್ನ ಮೇಲೆ ಬಿತ್ತು, ಅಂಗಡಿ ಮುಚ್ಚುವ ಸ್ಥಿತಿ. ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯ ಒಬ್ಬರು ಎರಡು ಚೀಲ ಜೋಳ ಇಳಿಸಿ ಹೋದರು. ನಾನು ಪುಸ್ತಕ ತೆರೆದು ಅವರ ಹೆಸರು ಹುಡುಕಿದೆ. "ಅದರಲ್ಲಿ ಇರುವುದಿಲ್ಲ, ನಮ್ಮ ಮನೆಯಲ್ಲಿ ಇದೆ" ಎಂದರು.

ಅಕ್ಕ, ಆದ್ದರಿಂದ ಒಂದು ಮಾತು. ನಿಮ್ಮ ಹಾಳೆಯ ಹಿಂಬದಿ ಪಡೆದದ್ದಕ್ಕೆ ಮಾತ್ರ ಇರಲಿ. ಅಮ್ಮನಿಗಾಗಿ ನೀವು ಮಾಡಿದ್ದನ್ನು ಅದೇ ಹಾಳೆಯಲ್ಲಿ ಬರೆಯತೊಡಗಿದರೆ ಅದು ಉದ್ರಿ ಪುಸ್ತಕವಾಗಿಬಿಡುತ್ತದೆ. ವಸೂಲಿಗೆ ಯಾರ ಬಾಗಿಲಿಗೆ ಹೋಗುತ್ತೀರಿ?

ಕೆಲಸ ಹುಡುಕುತ್ತಿರುವವನು, ಬೆಂಗಳೂರು

ಅಧ್ಯಾಪಕರಿಗೆ: ಫೆಲಿಸಿಯೊನ ಕಥೆಯನ್ನು ಹೆಂಡತಿಗೆ ಹೇಳಿದೆ. ಕೆಲಸ ಹೋದ ಮೇಲೆ ಮೊದಲ ಸಲ ಇಬ್ಬರೂ ಆಫೀಸಿನ ಮಾತನ್ನು ಸಿಟ್ಟಿಲ್ಲದೆ ಆಡಿದೆವು. ಸಂಸ್ಥೆಗೆ ನಾನು ಏನನ್ನೂ ಬರೆಯುವುದಿಲ್ಲ. ಆದರೆ ಅಲ್ಲಿ ನನ್ನ ಜೊತೆ ಕುಳಿತಿದ್ದ ಒಬ್ಬ ಹಿರಿಯರು, ನಾನು ಮಾಡಿದ ತಪ್ಪನ್ನು ಸಭೆಯಲ್ಲಿ ಎತ್ತದೆ, ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು ತೋರಿಸಿಕೊಡುತ್ತಿದ್ದರು. ವ್ಯಾಕರಣದ ಅಲೆಕ್ಸಾಂಡರ್ ಎಂದು ಓದಿದಾಗ ಅವರ ಮುಖವೇ ಕಣ್ಣ ಮುಂದೆ ಬಂತು. ಅವರನ್ನೂ ಅದೇ ದಿನ ತೆಗೆದಿದ್ದರು. ನಾಲ್ಕು ತಿಂಗಳಿಂದ ನಾನು ಅವರಿಗೆ ಒಂದು ಕರೆ ಕೂಡ ಮಾಡಿರಲಿಲ್ಲ. ನಿನ್ನೆ ಮಾಡಿದೆ.

ರಾತ್ರಿ ಪಾಳಿ, ಮಂಗಳೂರು

ಏನೂ ತೋಚದ ದಿನದ ಬಗ್ಗೆ ಅಕ್ಕ ಕೇಳಿದ್ದರು, ಅದಕ್ಕೆ ಯಾರೂ ಉತ್ತರಿಸಲಿಲ್ಲ. ಏಳನೆಯ ಪುಸ್ತಕದಲ್ಲಿ ಮಾರ್ಕಸ್ ಒಂದು ದಾರಿ ಹೇಳುತ್ತಾನೆ: ಇಲ್ಲದ್ದನ್ನು ಇದ್ದಂತೆ ಕನಸು ಕಾಣುವ ಬದಲು, ಇರುವುದರಲ್ಲಿ ಉತ್ತಮವಾದದ್ದನ್ನು ಆರಿಸಿ, ಇದು ಇಲ್ಲದಿದ್ದರೆ ಎಷ್ಟು ಹಂಬಲಿಸುತ್ತಿದ್ದೆ ಎಂದು ಯೋಚಿಸು. ಜೊತೆಯಲ್ಲೇ ಎಚ್ಚರಿಕೆಯನ್ನೂ ಕೊಡುತ್ತಾನೆ: ಅದು ಹೋದರೆ ಕಂಗೆಡುವಷ್ಟು ಅದಕ್ಕೆ ಅಂಟಿಕೊಳ್ಳಬೇಡ. ನನಗೆ ಇದು ಕೆಲವು ರಾತ್ರಿ ಒದಗಿದೆ. ಕೆಲವು ರಾತ್ರಿ ಒದಗಿಲ್ಲ. ಅಂಥ ರಾತ್ರಿ ನಾನು ಏನನ್ನೂ ಬರೆಯುವುದಿಲ್ಲ, ಪಾಳಿ ಮುಗಿಸಿ ಮನೆಗೆ ಹೋಗಿ ಮಲಗುತ್ತೇನೆ.

ಒಬ್ಬ ತಂದೆ

ಅಟ್ಟದಿಂದ ಪುಸ್ತಕ ಇಳಿಸಿಲ್ಲ. ಆದರೆ ಇದನ್ನು ಬರೆಯಬೇಕೆನಿಸಿತು.

ನಮ್ಮ ತೋಟದ ಬಾವಿಯ ಮೋಟಾರಿನ ಸ್ಟಾರ್ಟರ್ ಕೆಟ್ಟಿದ್ದಾಗ ಮಗನೇ ರಿಪೇರಿ ಮಾಡಿದ್ದ. ಗುಂಡಿ ಒತ್ತಿ ತಕ್ಷಣ ಬಿಟ್ಟರೆ ಅದು ಹಿಡಿಯುತ್ತಿರಲಿಲ್ಲ. ನಾನು ಪ್ರತಿ ಸಲವೂ ಅವಸರ ಮಾಡಿ ಬಿಟ್ಟುಬಿಡುತ್ತಿದ್ದೆ. ಅದಕ್ಕೆ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದ: "ಹಸಿರು ಒತ್ತಿ. ಮೂರು ಎಣಿಸಿ. ಆಮೇಲೆ ಬಿಡಿ." ಆರು ಮಳೆಗಾಲ ಕಳೆದರೂ ಪಂಪ್‌ಹೌಸಿನ ಒಳಗಿರುವುದರಿಂದ ಅಕ್ಷರ ಅಳಿಸಿಲ್ಲ. ಪ್ರತಿದಿನ ಬೆಳಿಗ್ಗೆ ಎಣಿಸುತ್ತೇನೆ.

ಮಗನಿಂದ: ಮೂರು ಎಣಿಸುವುದು.

ಮೈಸೂರಿನ ಮಗಳು

ಎಲ್ಲರ ಬರಹಗಳನ್ನೂ ಅದೇ ಬೆಂಚಿನ ಮೇಲೆ ಕುಳಿತು ಓದಿದೆ. ತಂದೆಯವರ ಸಾಲನ್ನು ಓದಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ.

ಗದಗದ ಅಣ್ಣನಿಗೆ ನಿಜ ಹೇಳಬೇಕು. ನನ್ನ ಬಳಿ ಇನ್ನೊಂದು ಹಾಳೆಯೂ ಇದೆ. ತೆಗೆದುಕೊಂಡ ರಜೆಗಳು, ಬಿಟ್ಟುಕೊಟ್ಟ ಬಡ್ತಿ, ಹೋಗಲಾಗದ ಮದುವೆಗಳು, ಎಲ್ಲ ಅದರಲ್ಲಿವೆ. ಯಾರಿಗೂ ತೋರಿಸಿಲ್ಲ. ನೀವು ಹೇಳಿದ್ದು ಅರ್ಥವಾಯಿತು, ಆದರೆ ಅದನ್ನು ಹರಿದುಹಾಕಲು ಇನ್ನೂ ಕೈ ಬಂದಿಲ್ಲ.

ಮೊದಲ ಪುಸ್ತಕದ ಹದಿನೇಳನೆಯ ಭಾಗ ದೇವತೆಗಳಿಂದ ಬಂದದ್ದರ ಪಟ್ಟಿ. ಅಲ್ಲಿ ಒಂದು ಸಾಲಿದೆ. ತಾಯಿಗೆ ಅಲ್ಪಾಯುಷ್ಯವೇ ಬರೆದಿದ್ದರೂ, ಕೊನೆಯ ವರ್ಷಗಳನ್ನು ಅವಳು ನನ್ನೊಂದಿಗೇ ಕಳೆದಳು ಎಂದು. ಬೇಗ ಹೋದಳು ಎಂಬುದನ್ನೂ ಅವನು ಮುಚ್ಚಿಡಲಿಲ್ಲ, ಜೊತೆಗಿದ್ದಳು ಎಂಬುದನ್ನೂ ಬಿಡಲಿಲ್ಲ. ಮಂಗಳವಾರ ಯಂತ್ರ ಬಿಚ್ಚಿ, ಕೈಗೆ ಪಟ್ಟಿ ಕಟ್ಟಿ, ರಕ್ತ ನಿಲ್ಲಲೆಂದು ಒತ್ತಿ ಹಿಡಿದು ಕುಳಿತಿರುವಾಗ ಅಮ್ಮನಿಗೆ ಈ ಸಾಲನ್ನು ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತೇನೋ ಎಂದು ಹೇಳಿದ ಮೇಲೆ ಅನಿಸಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ತಾಯಿಯ ಹೆಸರೇನು?" ಎಂದು ಕೇಳಿದರು. ಡೊಮಿಷಿಯಾ ಲುಸಿಲ್ಲಾ ಎಂದೆ. ಎರಡು ಸಲ ಹೇಳಿಸಿಕೊಂಡರು.

ಮನೆಗೆ ಬಂದು ಮಲಗಿದ ಮೇಲೆ, "ನಾನು ಹೇಳುತ್ತೇನೆ, ನೀನು ಬರೆದುಕೊ" ಎಂದರು. ಕಳೆದ ತಿಂಗಳ ಹಾಳೆ ತೆಗೆದೆ. ಮೊದಲನೆಯದು ಅವರ ಅಜ್ಜಿಯದು: "ಅಜ್ಜಿಯಿಂದ: ಬಾವಿಯಿಂದ ಕೊಡ ಎಳೆಯುವಾಗ ಅರ್ಧದಲ್ಲಿ ಮಾತಿಗೆ ನಿಲ್ಲದಿರುವುದು." ಎರಡನೆಯದು, ಪಕ್ಕದ ಹಾಸಿಗೆಯ ಹುಡುಗ: "ಅವನಿಂದ: ಬಾಯಾರಿದಾಗ ನಿಂಬೆಹೋಳನ್ನು ಮೂಸುವುದು." ಅವನು ಅಮ್ಮನಿಗೆ ಇದನ್ನು ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಮೂರನೆಯದಾಗಿ ನಾನೇ ಒಂದು ಹೆಸರು ಹೇಳಿದೆ, ನಾನು ಬರೆಯಲು ಒದ್ದಾಡುತ್ತಿದ್ದ ಹೆಸರು, ನಮ್ಮ ಮನೆಯವರದೇ. ಅಮ್ಮ ಬೇಡ ಎಂದು ತಲೆಯಾಡಿಸಿ, "ಮುಂದೆ ಬರೆ" ಎಂದರು.

ಹಾಳೆ ಅರ್ಧ ತುಂಬುವಷ್ಟರಲ್ಲಿ ನಿದ್ದೆ ಹೋದರು. ಉಳಿದದ್ದನ್ನು ಗುರುವಾರ ಹೇಳುತ್ತಾರಂತೆ.